ನಡಾವಳಿ ಪುಸ್ತಕದ ಒಂದು ಪುಟ

(ಮಂಡ್ಯ ಜಿಲ್ಲೆಯ ಹಳ್ಳಿಯೊಂದರ ಸ್ವಸಹಾಯ ಸಂಘದ ಸಭೆಯಲ್ಲಿ ಆಡಿದ ಮಾತು. ಹೆಸರು ಹಾಕಬೇಡಿ ಎಂದು ಅವರ ಕೋರಿಕೆ.)



ಆರು ವರ್ಷದ ಹಿಂದೆ ನನಗೆ ಕೆನಡಾದ ಗಂಡು ಗೊತ್ತಾಯಿತು. ಮಾತುಕತೆ ಮುಗಿದ ಮೇಲೆ ಗಂಡಿನ ಕಡೆಯವರು ಇನ್ನೂ ಐದು ಲಕ್ಷ ಕೇಳಿದರು. ಅಮ್ಮ ಇಲ್ಲಿಗೆ ಬಂದು ಸಾಲ ಕೇಳಿದಳು. ನೀವು ಕೊಡಲಿಲ್ಲ. 1961ರ ಕಾಯಿದೆಯಲ್ಲಿ ವರದಕ್ಷಿಣೆ ಕೊಡುವುದೂ ಅಪರಾಧ ಎಂದಿರಿ. ಕೇಳಿದವರು ಯಾರು, ಎಷ್ಟು ಕೇಳಿದರು ಎಂದು ತಾರೀಖು ಹಾಕಿ ನಡಾವಳಿಯಲ್ಲಿ ಬರೆದಿರಿ. ಆಗ ನನಗೆ ನಿಮ್ಮ ಮೇಲೆ ಬಹಳ ಸಿಟ್ಟು ಬಂದಿತ್ತು. ಅಪ್ಪ ಗದ್ದೆ ಅಡ ಇಟ್ಟರು.

ನಾನು ವಿಸಿಟರ್ ವೀಸಾದಲ್ಲಿ ಹೋದೆ. ಗಂಡ ಅಲ್ಲಿಯ ನಾಗರಿಕ. ನನ್ನ ಕಾಯಂ ವಾಸಕ್ಕೆ ತಾನೇ ಜವಾಬ್ದಾರಿ ಹೊತ್ತು ಅರ್ಜಿ ಹಾಕಿದ. ನನ್ನ ಪಾಸ್‌ಪೋರ್ಟನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದ. ಹೊಡೆದ ದಿನವೆಲ್ಲ ಒಂದೇ ಮಾತು: "ಬಾಯಿ ಬಿಟ್ಟರೆ ನಾಳೆಯೇ ವಿಮಾನ ಹತ್ತಿಸುತ್ತೇನೆ." ನಂಬಿದ್ದೆ. ಮಗಳಿಗೆ ಏಳು ತಿಂಗಳಾದಾಗ ಒಂದು ರಾತ್ರಿ ಪೊಲೀಸರಿಗೆ ಫೋನ್ ಮಾಡಿದೆ. ಆ ವಾರವೇ ಅವನು ಅರ್ಜಿ ವಾಪಸ್ ಪಡೆದ. ಅಷ್ಟು ಅವನ ಕೈಯಲ್ಲಿತ್ತು. ದೇಶದಿಂದ ಹೊರಗೆ ಕಳಿಸುವುದು ಮಾತ್ರ ಸರ್ಕಾರದ ಕೆಲಸ, ಗಂಡನದಲ್ಲ.

ಹೆಂಗಸರ ಆಶ್ರಯಧಾಮದಲ್ಲಿ ವಕೀಲೆಯೊಬ್ಬರು ಸಿಕ್ಕಿದರು. ಅಲ್ಲಿಯ 2001ರ ವಲಸೆ ಕಾಯಿದೆಯ 25ನೇ ಸೆಕ್ಷನ್‌ನಲ್ಲಿ ಮಾನವೀಯ ಕಾರಣಗಳ ಮೇಲೆ ಕಾಯಂ ವಾಸ ಕೇಳಬಹುದು ಎಂದರು. ಕೊಡುವುದು ಬಿಡುವುದು ಅಧಿಕಾರಿಯ ವಿವೇಚನೆ. ಅರ್ಜಿ ಹಾಕಿದ ಮಾತ್ರಕ್ಕೆ ಗಡೀಪಾರು ನಿಲ್ಲುವುದೂ ಇಲ್ಲ. ಆದ್ದರಿಂದ ಮೊದಲು, ಮನೆಯೊಳಗಿನ ಹಿಂಸೆಗೆ ಸಿಕ್ಕವರಿಗೆ 2019ರಿಂದ ಶುಲ್ಕವಿಲ್ಲದೆ ಕೊಡುತ್ತಿರುವ ತಾತ್ಕಾಲಿಕ ಪರವಾನಗಿ ಕೊಡಿಸಿದರು. 1999ರಲ್ಲಿ ಮೇವಿಸ್ ಬೇಕರ್ ಎಂಬ ಜಮೈಕಾದ ಹೆಂಗಸಿನ ಮೊಕದ್ದಮೆಯಲ್ಲಿ, ಇಂಥ ಅರ್ಜಿ ನೋಡುವಾಗ ಮಕ್ಕಳ ಹಿತವನ್ನು ಗಂಭೀರವಾಗಿ ಪರಿಗಣಿಸಬೇಕು ಎಂದು ಅಲ್ಲಿಯ ಸುಪ್ರೀಂ ಕೋರ್ಟು ಹೇಳಿದೆ. ಆಕೆ ಮನೆಗೆಲಸ ಮಾಡಿಕೊಂಡಿದ್ದವಳು. ಅವಳು ಗೆದ್ದದ್ದು ನನ್ನ ಮಗಳಿಗೂ ಆಯಿತು.

ಕಷ್ಟವಾದದ್ದು ಪುರಾವೆ. ಊರಿಗೆ ಮರಳಿದರೆ ನಿನಗೇನು ತೊಂದರೆ ಎಂದು ಕೇಳುತ್ತಾರೆ. "ಬಾಳಲು ಬಿಡುವುದಿಲ್ಲ" ಎಂದೆ. "ಯಾರು ಬಿಡುವುದಿಲ್ಲ? ಸಾಕ್ಷಿ ಏನು?" ಎಂದರು ವಕೀಲೆ. ಅಷ್ಟರಲ್ಲಿ ಗಂಡನ ಅಣ್ಣಂದಿರು ನಮ್ಮ ಮನೆ ಬಾಗಿಲಿಗೆ ಬಂದು, ಬಂದರೆ ಮಗುವನ್ನು ಕಿತ್ತುಕೊಳ್ಳುತ್ತೇವೆ ಎಂದು ಕೂಗಾಡಿ ಹೋಗಿದ್ದರು. ಅದನ್ನು ಬರೆದುಕೊಡಿ ಎಂದು ಅಪ್ಪನನ್ನು ಕೇಳಿದೆ. ಮನೆ ಮರ್ಯಾದೆ ಹೋಗುತ್ತದೆ ಎಂದರು. ಅಪ್ಪನನ್ನು ದೂರುತ್ತಿಲ್ಲ, ನಡೆದದ್ದು ಹೇಳಿದೆ.

ಬರೆದವರು ನೀವು. ಹದಿನಾಲ್ಕು ಜನ, ಅದರಲ್ಲಿ ಐದು ಹೆಬ್ಬೆಟ್ಟು. ಜೊತೆಗೆ ಆ ಹಳೆಯ ಪುಟದ ನಕಲು. ಇಂಗ್ಲಿಷಿಗೆ ಮಾಡಿಸಿ, ಅನುವಾದಕರ ಪ್ರಮಾಣಪತ್ರ ಸೇರಿಸಿ ಕಳಿಸಿದೆವು. ಪತ್ರಕ್ಕಿಂತ ಆ ಪುಟಕ್ಕೇ ತೂಕ ಹೆಚ್ಚು ಎಂದರು ವಕೀಲೆ, ಏಕೆಂದರೆ ಅದನ್ನು ಅರ್ಜಿಗೆಂದು ಬರೆದದ್ದಲ್ಲ. ಒಂದು ಹೆಬ್ಬೆಟ್ಟಿನ ಪಕ್ಕ ಮಾತ್ರ ಹೆಸರಿರಲಿಲ್ಲ. ಅದನ್ನು ಕೇಳಿ ತರಿಸಲು ಮೂರು ವಾರ ಹಿಡಿಯಿತು. ಮುಂದೆ ಹೆಸರು ಬರೆಯಿರಿ.

ಎರಡು ವರ್ಷ ಕಾದೆ. ರಾತ್ರಿ ಪಾಳಿಯಲ್ಲಿ ಪ್ಯಾಕಿಂಗ್ ಕೆಲಸ ಮಾಡಿದೆ. ಯಾರೂ ಕರೆದು ಮಾತಾಡಿಸಲಿಲ್ಲ, ಕಾಗದ ನೋಡಿಯೇ ತೀರ್ಮಾನಿಸಿದರು. ಹೋದ ವರ್ಷ ಒಪ್ಪಿಗೆ ಬಂತು.

ಈಗ ಕೆಳಗಿನ ಬೀದಿಯ ಹುಡುಗಿಗೂ ಹೊರದೇಶದ ಸಂಬಂಧ ಬಂದಿದೆಯಂತೆ. ಅವಳು ಹೊರಡುವ ಮೊದಲು ಪಾಸ್‌ಪೋರ್ಟ್, ವೀಸಾ, ಮದುವೆ ನೋಂದಣಿ ಎಲ್ಲದರ ನಕಲು ತೆಗೆಸಿ, ಒಂದು ಪ್ರತಿಯನ್ನು ಸಂಘದ ಪೆಟ್ಟಿಗೆಯಲ್ಲಿ ಇಡಿ. ಅವಳ ತಾಯಿಯನ್ನು ನಾನೇ ಸಂಜೆ ಹೋಗಿ ಕಾಣುತ್ತೇನೆ.