ಮಣ್ಣಿಗಿಟ್ಟ ಒಡನಾಡಿ
(ಮಹಿಳಾ ವೇದಿಕೆಯ ಕೂಟದಲ್ಲಿ ಮಾಡಿದ ಭಾಷಣದ ಬರಹರೂಪ)

ಹಬ್ಬದ ಅಡುಗೆಯ ಬಗ್ಗೆ ಮಾತಾಡಿ ಎಂದಿದ್ದರೆ ಸಲೀಸಾಗಿತ್ತು. ನಾನು ಆರಿಸಿಕೊಂಡದ್ದು ಬಹಳ ಹಳೆಯ ಗೋರಿಗಳ ವಿಷಯ. ಅದಕ್ಕೆ ಕಾರಣ ನಮ್ಮ ಮನೆಯ ನಾಯಿ, ಚಿನ್ನು.

ಹದಿಮೂರು ವರ್ಷ ಜೊತೆಗಿದ್ದ ಚಿನ್ನು ಕಳೆದ ಮಳೆಗಾಲದಲ್ಲಿ ತೀರಿಹೋಯಿತು. ನಾಲ್ಕನೇ ಮಹಡಿಯ ಫ್ಲ್ಯಾಟಿನಲ್ಲಿರುವ ನಮಗೆ ಅದನ್ನು ಹೂಳಲು ಮೊಳ ಜಾಗವೂ ಇಲ್ಲ. ಕೊನೆಗೆ ಪರಿಚಯದವರೊಬ್ಬರ ಹೊಲದಲ್ಲಿ ಗುಂಡಿ ತೋಡಿದೆವು. ಮಗ ಅದರ ಹಳೆಯ ಚೆಂಡನ್ನು ಪಕ್ಕದಲ್ಲಿಟ್ಟು, "ಹೀಗೆ ಇಡೋದು ಹುಚ್ಚುತನವಾ ಅಮ್ಮಾ?" ಎಂದು ಕೇಳಿದ. ನನಗೆ ಸಾಗರದ ಹತ್ತಿರದ ನಮ್ಮೂರು ನೆನಪಾಯಿತು. ಹಸು ಸತ್ತರೆ ಅಜ್ಜಿ ಅದಕ್ಕೆ ಅರಿಶಿನ ಕುಂಕುಮ ಹಚ್ಚಿ, ತೋಟದಲ್ಲಿ ಹೂಳಿಸಿ, ಮೇಲೊಂದು ತೆಂಗಿನ ಸಸಿ ನೆಡಿಸುತ್ತಿದ್ದರು. ಮಗನಿಗೆ ಉತ್ತರ ಹುಡುಕುತ್ತಾ ಓದತೊಡಗಿದೆ.

ಮೊದಲು ನಮಗೆ ಹತ್ತಿರದ ಜಾಗ. ಮೆಹಸಾಣಾ ಜಿಲ್ಲೆಯ ಲಾಂಘಣಜ್‌ನಲ್ಲಿ 1940ರ ದಶಕದಲ್ಲಿ ಎಚ್.ಡಿ. ಸಂಕಾಲಿಯಾ ಉತ್ಖನನ ಮಾಡಿಸಿದಾಗ, ಕೈಕಾಲು ಮಡಿಸಿ ಮಲಗಿಸಿದ ಬೇಟೆಗಾರರ ಅಸ್ಥಿಪಂಜರಗಳು ಸಿಕ್ಕವು. ಆ ಕೆಲಸದಲ್ಲಿ ಇರಾವತಿ ಕರ್ವೆ ಜೊತೆಗಿದ್ದರು. ಅಲ್ಲಿನ ಪ್ರಾಣಿಗಳ ಎಲುಬುಗಳನ್ನು ಗುರುತಿಸಿ 1965ರಲ್ಲಿ ವರದಿ ಬರೆದವರು ಜೂಲಿಯೆಟ್ ಕ್ಲಟನ್-ಬ್ರಾಕ್. ಇಬ್ಬರೂ ಹೆಂಗಸರು ಎಂಬುದು ನಮ್ಮ ವೇದಿಕೆಗೆ ಖುಷಿಯ ಮಾತಲ್ಲವೇ? ಅಲ್ಲಿ ಸಿಕ್ಕ ಘೇಂಡಾಮೃಗದ ಹೆಗಲ ಮೂಳೆಯೊಂದರ ಮೇಲೆ ಗುಳಿಗಳಿವೆ. ಕಲ್ಲಿನ ಹತಾರ ಮಾಡುವಾಗ ಅದನ್ನು ಅಡಿಗಲ್ಲಿನಂತೆ ಬಳಸಿದ್ದಿರಬೇಕು.

ಮನುಷ್ಯನ ಪಕ್ಕದಲ್ಲಿ ಪ್ರಾಣಿಯ ಎಲುಬು ಸಿಕ್ಕ ಮಾತ್ರಕ್ಕೆ ಅದು ಸತ್ತವನಿಗಿಟ್ಟ ಕಾಣಿಕೆ ಎನ್ನುವಂತಿಲ್ಲ. ಲಾಂಘಣಜ್‌ನವರು ಬದುಕಿದ ಜಾಗದಲ್ಲೇ ಹೂಳುತ್ತಿದ್ದರು, ಉಂಡು ಬಿಸಾಡಿದ್ದೂ ಅಲ್ಲೇ. ಪ್ರಾಣಿ ಇಡಿಯಾಗಿದೆಯೇ, ಗುಂಡಿಯೊಳಗೇ ಇಟ್ಟಿದ್ದಾರೆಯೇ, ಎಲುಬಿನ ಮೇಲೆ ಕತ್ತಿಯ ಗುರುತಿದೆಯೇ ಎಂದು ನೋಡಬೇಕು.

ಕಾಶ್ಮೀರದ ಬುರ್ಜಹೋಮ್‌ನಲ್ಲಿ ಅನುಮಾನವಿಲ್ಲ. ಅಲ್ಲಿ ಮನುಷ್ಯರ ಜೊತೆಗೆ ನಾಯಿಗಳನ್ನು ಹೂತಿದ್ದಾರೆ, ನಾಯಿಗಳನ್ನೇ ಬೇರೆಯಾಗಿಯೂ ಹೂತಿದ್ದಾರೆ. ನಾಗಪುರದ ಬಳಿಯ ಮಾಹುರ್ಝರಿಯ ಕಲ್ಲುವೃತ್ತಗಳಲ್ಲಿ ಕುದುರೆಯ ಎಲುಬುಗಳೂ ಅದರ ತಾಮ್ರದ ಮುಖಾಭರಣಗಳೂ ಸಿಕ್ಕಿವೆ. ಎಲುಬುಗಳ ಮೇಲೆ ಕಡಿದ ಗುರುತುಗಳಿವೆ.

ಇಲ್ಲಿಗೆ ಬಂದಾಗ ನನ್ನ ಮನಸ್ಸು ಸ್ವಲ್ಪ ಮುದುಡಿತು. ಅಲಂಕರಿಸಿದ್ದು ನಿಜ, ಕೊಂದದ್ದೂ ನಿಜ. ಯಜಮಾನನ ಜೊತೆ ಹೋಗಲಿ ಎಂದು ಇನ್ನೊಂದು ಜೀವವನ್ನು ಕಳಿಸುವ ಯೋಚನೆ ಕುದುರೆಯಲ್ಲೇ ನಿಲ್ಲಲಿಲ್ಲ. ನಮ್ಮೂರುಗಳ ಮಾಸ್ತಿಕಲ್ಲುಗಳನ್ನು ನೋಡಿದವರಿಗೆ ಬಿಡಿಸಿ ಹೇಳಬೇಕಿಲ್ಲ. ಬಳೆ ತೊಟ್ಟು ಮೇಲೆತ್ತಿದ ಆ ಕೈಯನ್ನು ನಾವು ಪೂಜಿಸುತ್ತೇವೆ. ಅವಳನ್ನು ಯಾರಾದರೂ ಕೇಳಿದ್ದರೇ ಎಂದು ಯೋಚಿಸುವುದು ಕಡಿಮೆ.

ಇದಕ್ಕೆ ಎದುರಾಗಿ ಇನ್ನೊಂದು ಕಲ್ಲಿದೆ. ಇತಿಹಾಸಪೂರ್ವದ್ದಲ್ಲ, ಕ್ರಿ.ಶ. 949-50ರದು. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಹಂದಿಯೊಡನೆ ಕಾದಿ ಸತ್ತ ಕಾಳಿ ಎಂಬ ನಾಯಿಗೆ ಮಣಲೇರನು ಕಲ್ಲು ನಿಲ್ಲಿಸಿದ, ಅದರ ಪೂಜೆಗೆ ಭೂಮಿಯನ್ನೂ ಬಿಟ್ಟ. ಈಗ ಅದು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಇಲ್ಲಿ ನಾಯಿ ಯಾರದೋ ಸಾವಿಗೆ ಸೇರಿಸಿದ ಸಾಮಾನಲ್ಲ, ಸಾವು ಅದರದೇ, ದುಃಖ ಯಜಮಾನನದು.

ಹಾಗಾಗಿ ಮಗನಿಗೆ ಹೇಳಿದೆ: "ಹುಚ್ಚುತನ ಅಲ್ಲ ಕಣೋ. ಸಾವಿರಾರು ವರ್ಷದಿಂದ ಜನ ಹೀಗೆ ಏನಾದರೂ ಇಡುತ್ತಲೇ ಬಂದಿದ್ದಾರೆ. ನಿನ್ನ ಚೆಂಡಿಗಾಗಿ ಯಾರ ಜೀವವೂ ಹೋಗಲಿಲ್ಲ, ಅಷ್ಟು ಸಾಕು."

ಈ ಚಳಿಗಾಲದಲ್ಲಿ ಮಕ್ಕಳನ್ನು ಕರೆದುಕೊಂಡು ಒಂದು ಭಾನುವಾರ ಲೋಥಲ್‌ಗೆ ಹೋಗೋಣ. ಅಲ್ಲಿ ಉತ್ಖನನ ನಡೆಸಿದವರು ನಮ್ಮ ಕನ್ನಡಿಗರಾದ ಎಸ್.ಆರ್. ರಾವ್. ಅಲ್ಲಿ ಸ್ಮಶಾನದ ಜಾಗವೂ ಇದೆ. ಬುತ್ತಿಗೆ ಚಿತ್ರಾನ್ನ ನಾನು ತರುತ್ತೇನೆ.