ನಿವೇಶನ ಕೊಳ್ಳುವ ಮುನ್ನ ನೆಲದ ಚರಿತ್ರೆ ಕೇಳಿರಿ



ಹುಣಸೂರಿನಿಂದ ಮೈಸೂರಿನ ಕಡೆ ಹೋಗುವ ಹೆದ್ದಾರಿಯ ಬದಿಯನ್ನು ನೋಡಿರಿ. ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಕಮಾನು ಎದ್ದಿದೆ, ಕಲ್ಲು ನೆಟ್ಟಿದೆ, "ಮಾದರಿ ಬಡಾವಣೆ" ಎಂಬ ಫಲಕ ತೂಗುತ್ತಿದೆ. ಹೊಗೆಸೊಪ್ಪು ಮಾರಿ ನಾಲ್ಕು ಕಾಸು ಕೂಡಿಸಿದ ರೈತ, ನಿವೃತ್ತಿಯ ಹಣ ಕೈಗೆ ಬಂದ ಮೇಷ್ಟ್ರು, ಇವರೇ ಅಲ್ಲಿನ ಗಿರಾಕಿಗಳು. ಮುಂಗಡ ಕೊಡುವ ಮೊದಲು ನಾವು ಕೇಳಬೇಕಾದ ಮುಖ್ಯ ಪ್ರಶ್ನೆ ಒಂದೇ: ಈ ನೆಲ ಮೊದಲು ಯಾರದಾಗಿತ್ತು?

"ರಿಜಿಸ್ಟರ್ ಆಗುತ್ತದೆ, ಇನ್ನೇನು ಭಯ?" ಎನ್ನುತ್ತಾನೆ ದಳ್ಳಾಳಿ. ನೋಂದಣಿ ಕಚೇರಿ ಪತ್ರವನ್ನು ನೋಂದಾಯಿಸುತ್ತದೆಯೇ ಹೊರತು ಮಾರುವವನ ಹಕ್ಕಿಗೆ ಜಾಮೀನು ನಿಲ್ಲುವುದಿಲ್ಲ. ಕಂದಾಯದ ರಸೀದಿಯೂ ಒಡೆತನದ ಪತ್ರವಲ್ಲ. ಋಣಭಾರ ಪತ್ರದಲ್ಲಿ ಕಾಣುವುದು ನೋಂದಾಯಿತ ವ್ಯವಹಾರ ಮಾತ್ರ. ಸರ್ಕಾರ ಬಡವನಿಗೆ ಭೂಮಿ ಮಂಜೂರು ಮಾಡಿದಾಗ ಹಾಕಿದ ಷರತ್ತು ಅದರಲ್ಲಿ ಕಾಣದು.

ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರಾದ ಭೂಮಿಯನ್ನು ಸರ್ಕಾರದ ಪೂರ್ವಾನುಮತಿ ಇಲ್ಲದೆ ಮಾರಿದರೆ, 1978ರ ಪಿ.ಟಿ.ಸಿ.ಎಲ್. ಕಾಯ್ದೆಯಂತೆ ಆ ಮಾರಾಟ ಅಸಿಂಧು. ಇದೇ ಹುಣಸೂರಿನಿಂದ ಗೆದ್ದ ದೇವರಾಜ ಅರಸರು ಮುಖ್ಯಮಂತ್ರಿಯಾಗಿದ್ದಾಗ ಬಂದ ಕಾಯ್ದೆ ಅದು. 1984ರಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. ಭೂಮಿ ಪಡೆದವನ ವಾರಸುದಾರರು ಉಪವಿಭಾಗಾಧಿಕಾರಿಗಳಿಗೆ ಅರ್ಜಿ ಕೊಟ್ಟು ನೆಲವನ್ನು ಮರಳಿ ಕೇಳಬಹುದು. ಅದಕ್ಕೆ ಕಾಲಮಿತಿ ಇಲ್ಲವೆಂದು 2023ರಲ್ಲಿ ತಿದ್ದುಪಡಿಯೂ ಆಯಿತು. ಕಾಯ್ದೆಯನ್ನು ಬಯ್ದು ಫಲವಿಲ್ಲ. ಅದು ಇಲ್ಲದಿದ್ದರೆ ಬಡವನ ತುಂಡು ಭೂಮಿ ಎಂದೋ ಉಳ್ಳವರ ಪಾಲಾಗುತ್ತಿತ್ತು. ಆದರೆ ತಿಳಿಯದೆ ಕೊಂಡವನೂ ನಮ್ಮವನೇ, ನೆಲ ಕಳೆದುಕೊಂಡವನೂ ನಮ್ಮವನೇ. ಇಬ್ಬರೂ ಕಚೇರಿ ಅಲೆಯುವಾಗ ದಳ್ಳಾಳಿ ಮುಂದಿನ ಊರಿನಲ್ಲಿ ಕಲ್ಲು ನೆಡುತ್ತಿರುತ್ತಾನೆ.

ಆದುದರಿಂದ ಸರ್ವೆ ನಂಬರು ಹಿಡಿದು ತಾಲ್ಲೂಕು ಕಚೇರಿಗೆ ಹೋಗಿರಿ. ಮಂಜೂರಾತಿ ದಾಖಲೆ, ಸಾಗುವಳಿ ಚೀಟಿ, ಹಳೆಯ ಪಹಣಿಗಳ ನಕಲು ಕೇಳಿರಿ. ಮಾರುವವರ ವಂಶವೃಕ್ಷ ನೋಡಿರಿ. 2005ರ ತಿದ್ದುಪಡಿಯ ಮೇಲೆ ಹಿಂದೂ ಕುಟುಂಬದ ಹೆಣ್ಣುಮಕ್ಕಳೂ ಪಿತ್ರಾರ್ಜಿತಕ್ಕೆ ಸಮಪಾಲುದಾರರು, ಅವರ ರುಜು ಬೇಕು. ಭೂಪರಿವರ್ತನೆ ಆಗಿದೆಯೆ, ಬಡಾವಣೆಯ ನಕ್ಷೆಗೆ ಮಂಜೂರಾತಿ ಇದೆಯೆ, ವಿಚಾರಿಸಿರಿ. ಯೋಜನಾ ಪ್ರದೇಶದಲ್ಲಿ 500 ಚದರ ಮೀಟರಿಗೆ ಮೀರಿದ ಬಡಾವಣೆಯನ್ನು 2016ರ ರೇರಾ ಕಾಯ್ದೆಯಂತೆ ನೋಂದಾಯಿಸದೆ ಮಾರುವಂತಿಲ್ಲ. ಆ ನಂಬರು ಕೇಳಿರಿ. ಗ್ರಾಮನಕ್ಷೆ ಹಿಡಿದು ಸ್ಥಳದಲ್ಲಿ ನಡೆದು ನೋಡಿರಿ. ಹಳ್ಳವನ್ನು ಮುಚ್ಚಿ ನಿವೇಶನ ಮಾಡಿದ್ದರೆ ಮಳೆಗಾಲದಲ್ಲಿ ಆ ಹಳ್ಳ ತನ್ನ ದಾರಿ ತಾನೇ ಹುಡುಕಿಕೊಳ್ಳುತ್ತದೆ.

ಇಷ್ಟೆಲ್ಲ ಒಬ್ಬನಿಂದ ಆಗದು. ಆದರೆ ಒಂದೇ ಬಡಾವಣೆಯಲ್ಲಿ ಕೊಳ್ಳಬೇಕೆಂದಿರುವ ಹತ್ತು ಮನೆಯವರು ಕೂಡಿ ಒಬ್ಬ ವಕೀಲರಿಗೆ ಕಾಗದ ತೋರಿಸಿದರೆ ಖರ್ಚು ಹತ್ತರಲ್ಲಿ ಒಂದು ಪಾಲಾಗುತ್ತದೆ. ಹೊಲದ ಪಕ್ಕದ ಕೇರಿಗೂ ಹೋಗಿ ಹಿರಿಯರನ್ನು ಕೇಳಿರಿ. ಆ ನೆಲವನ್ನು ಯಾರು ಉಳುತ್ತಿದ್ದರು, ಹೇಗೆ ಕಳೆದುಕೊಂಡರು ಎಂಬುದನ್ನು ಅವರು ಮರೆತಿರುವುದಿಲ್ಲ.