ಒಪ್ಪಿಗೆಯಾದ ಮೇಲೆ ವಾರ್ಡಿಗೆ ಹೋದವರು ಯಾರು?



ಕನ್ನಡದಲ್ಲೇ ಮಾತಾಡಬೇಕೆಂದು ಸಂಘಟಕರು ಪಟ್ಟು ಹಿಡಿದರು. ಅದಕ್ಕೆ ಕಾರಣ ಇವತ್ತು ವಿಶೇಷವಾಗಿ ಬಂದಿರುವ ಎಥಿಕ್ಸ್ ಕಮಿಟಿಗಳ ಜನಸಾಮಾನ್ಯ ಸದಸ್ಯರು. ನಮ್ಮ 2019ರ ಔಷಧ ಪ್ರಯೋಗ ನಿಯಮಗಳ ಪ್ರಕಾರ ಕಮಿಟಿಯಲ್ಲಿ ಇವರು ಇರಲೇಬೇಕು. ಇರುತ್ತಾರೆ ಕೂಡ. ನೂರಾರು ಪುಟಗಳ ಇಂಗ್ಲಿಷ್ ಕಡತ ಅವರ ಮುಂದಿರುತ್ತದೆ, ಸಹಿ ಎಲ್ಲಿ ಹಾಕಬೇಕೆಂದು ಒಬ್ಬರು ಬೆರಳು ತೋರಿಸುತ್ತಾರೆ. ನಗಬೇಡಿ, ನಾನೂ ಬೆರಳು ತೋರಿಸಿದವನೇ.

ಆಫ್ರಿಕಾದಲ್ಲಿ ಅನುಮೋದಿತ ವೈದ್ಯಕೀಯ ಸಂಶೋಧನೆ ಎಂದು ಆಹ್ವಾನ ಪತ್ರಿಕೆಯಲ್ಲಿದೆ. ಐವತ್ತಕ್ಕೂ ಹೆಚ್ಚು ದೇಶಗಳು, ನನಗೆ ಕೊಟ್ಟಿರುವುದು ಅರ್ಧ ಗಂಟೆ. ಸಾಹಿತ್ಯ ಸಮೀಕ್ಷೆಯನ್ನು ಎರಡನೇ ಗೋಷ್ಠಿಯ ಗೆಳೆಯರಿಗೆ ಬಿಟ್ಟಿದ್ದೇನೆ.  ನಾನು ಹೇಳುವುದು ಉತ್ತರ ನೈಜೀರಿಯಾದ ಕಾನೋ ನಗರದ ಕಥೆಯನ್ನು. ಬಹಳ ವರ್ಷಗಳಿಂದ ಅದನ್ನೇ ಹೇಳುತ್ತಿದ್ದೇನೆ ಎಂದು ನನ್ನ ವಿದ್ಯಾರ್ಥಿಗಳು ಗೊಣಗುತ್ತಾರೆ.

1996ರ ಮೊದಲ ಆರು ತಿಂಗಳಲ್ಲಿ ನೈಜೀರಿಯಾದಲ್ಲಿ ಮೆನಿಂಜೈಟಿಸ್ ಹಬ್ಬಿತು. ದಾಖಲಾದ ರೋಗಿಗಳೇ 1,09,580, ಸತ್ತವರು 11,717. ಕಾನೋದ ಸಾಂಕ್ರಾಮಿಕ ರೋಗಗಳ ಆಸ್ಪತ್ರೆಯಲ್ಲಿ ಗಡಿರಹಿತ ವೈದ್ಯರ ಸಂಸ್ಥೆ ಎಂಎಸ್ಎಫ್‌ನವರು ಕ್ಲೋರಾಂಫೆನಿಕಾಲ್ ಇಂಜೆಕ್ಷನ್ ಕೊಡುತ್ತಿದ್ದರು. ಅಗ್ಗದ ಮದ್ದು, ಇಂಥ ಪಿಡುಗಿಗೆ ವಿಶ್ವ ಆರೋಗ್ಯ ಸಂಸ್ಥೆಯೇ ಹೇಳಿದ ಮದ್ದು. ಅದೇ ಆವರಣಕ್ಕೆ ಏಪ್ರಿಲಿನಲ್ಲಿ ಫೈಜರ್ ತಂಡ ಬಂತು. 200 ಮಕ್ಕಳನ್ನು ಆರಿಸಿಕೊಂಡು, ಅರ್ಧ ಮಕ್ಕಳಿಗೆ ತನ್ನ ಹೊಸ ಔಷಧ ಟ್ರೋವನ್, ಉಳಿದರ್ಧ ಮಕ್ಕಳಿಗೆ ಸೆಫ್ಟ್ರಿಯಾಕ್ಸೋನ್ ಕೊಟ್ಟಿತು. ಟ್ರೋವನ್ ಪಡೆದವರಲ್ಲಿ 5, ಇನ್ನೊಂದು ಗುಂಪಿನಲ್ಲಿ 6, ಹೀಗೆ 11 ಮಕ್ಕಳು ತೀರಿಕೊಂಡರು. ಬರೀ ಈ ಲೆಕ್ಕ ಹಿಡಿದು ಟ್ರೋವನ್ನೇ ಕೊಂದಿತು ಎನ್ನಲಾಗದು. ಕಂಪನಿ ಹೇಳುತ್ತಾ ಬಂದಿರುವುದೂ ಅದನ್ನೇ. ಹೋಲಿಕೆಯ ಔಷಧವನ್ನು ಬೇಕಾದದ್ದಕ್ಕಿಂತ ಕಡಿಮೆ ಕೊಟ್ಟರೆಂಬ ಆರೋಪ ಇದೆ, ಕಂಪನಿ ಅದನ್ನು ಒಪ್ಪುವುದಿಲ್ಲ. ಇದು ಪ್ರಯೋಗ ಅಂತಲೇ ನಮಗೆ ಗೊತ್ತಿರಲಿಲ್ಲ ಎಂದರು ತಂದೆತಾಯಂದಿರು. ದಾದಿಯರು ಹೌಸಾ ಭಾಷೆಯಲ್ಲಿ ವಿವರಿಸಿ ಬಾಯಿಮಾತಿನ ಸಮ್ಮತಿ ಪಡೆದಿದ್ದರು ಎಂದಿತು ಕಂಪನಿ.

2000ದ ಡಿಸೆಂಬರಿನಲ್ಲಿ ವಾಷಿಂಗ್ಟನ್ ಪೋಸ್ಟ್ ಇದನ್ನು ಹೊರಗೆಳೆಯಿತು. ಎಥಿಕ್ಸ್ ಕಮಿಟಿಯ ಒಪ್ಪಿಗೆ ಪತ್ರವೊಂದಿತ್ತು, 1996ರ ಮಾರ್ಚ್ 28ರ ತಾರೀಖಿನದು. ಆ ದಿನಕ್ಕೆ ಅಲ್ಲಿ ಎಥಿಕ್ಸ್ ಕಮಿಟಿಯೇ ಇರಲಿಲ್ಲ. ಪತ್ರವನ್ನು ಆಮೇಲೆ ಬರೆದು ಹಿಂದಿನ ತಾರೀಖು ಹಾಕಿದ್ದರು.

ಮುಂದಿನದನ್ನು ಬೇಗ ಹೇಳಿಬಿಡುತ್ತೇನೆ. 2003ರಲ್ಲಿ ಕಾನೋ ಪೋಲಿಯೋ ಹನಿಯನ್ನೇ ಬೇಡವೆಂದಾಗ ಟ್ರೋವನ್ ನೆನಪು ಜನರ ಬಾಯಲ್ಲಿತ್ತು. 2009ರಲ್ಲಿ ಕಂಪನಿ ತಪ್ಪೊಪ್ಪಿಕೊಳ್ಳದೆ ಕಾನೋ ರಾಜ್ಯದ ಜೊತೆ 7.5 ಕೋಟಿ ಡಾಲರಿನ ರಾಜಿಗೆ ಬಂತು. 2011ರಲ್ಲಿ ಮೊದಲ ನಾಲ್ಕು ಕುಟುಂಬಗಳಿಗೆ ತಲಾ 1,75,000 ಡಾಲರ್ ಸಿಕ್ಕಿತು. ಅದಕ್ಕೂ ಮೊದಲು, ನಮ್ಮ ಮಗು ಆ ಪ್ರಯೋಗದಲ್ಲಿತ್ತು ಎಂದು ಸಾಬೀತು ಮಾಡಲು ಅವರು ಡಿಎನ್ಎ ಪರೀಕ್ಷೆಗೆ ಒಳಗಾಗಬೇಕಾಯಿತು.

ಈ ನಡುವೆ ನೈಜೀರಿಯಾ ಸುಮ್ಮನೆ ಕೂರಲಿಲ್ಲ. ರಾಷ್ಟ್ರೀಯ ಆರೋಗ್ಯ ಸಂಶೋಧನಾ ಎಥಿಕ್ಸ್ ಕಮಿಟಿ ಬಂತು, 2007ರಲ್ಲಿ ಸಂಹಿತೆ ಬಂತು, 2014ರ ಆರೋಗ್ಯ ಕಾಯ್ದೆ ಅದಕ್ಕೆ ಕಾನೂನಿನ ಬಲ ಕೊಟ್ಟಿತು. ಆಸ್ಪತ್ರೆಗಳ ಕಮಿಟಿಗಳು ಈಗ ನೋಂದಣಿಯಾಗಬೇಕು. ಔಷಧ ಪ್ರಯೋಗಕ್ಕೆ ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆ ನಾಫ್ಡಾಕ್‌ನ ಅನುಮತಿಯೂ ಬೇಕು. ಅದನ್ನೆಲ್ಲ ನಾನು ಗೌರವಿಸುತ್ತೇನೆ.

ನನ್ನ ತಕರಾರು ನಮ್ಮ ಇಡೀ ಕ್ಷೇತ್ರದ ಮೇಲೆ. ಒಪ್ಪಿಗೆ ಪತ್ರ ಅಸಲಿಯಾಗಿರಬೇಕು ಎಂಬುದಷ್ಟೇ ನಾವು ಕಾನೋದಿಂದ ಕಲಿತ ಪಾಠ. ಮಾರ್ಚ್ 28ರಂದು ನಿಜವಾಗಿಯೇ ಒಂದು ಕಮಿಟಿ ಸೇರಿ, ಕಡತ ಓದಿ, ಬಿಸಿಬಿಸಿ ಚರ್ಚೆ ಮಾಡಿ ಸಹಿ ಹಾಕಿತ್ತು ಎಂದುಕೊಳ್ಳಿ. ಮಾತ್ರೆ ನುಂಗಿದ ಮಗುವಿನ ಜ್ವರ ಮೂರನೇ ದಿನವೂ ಇಳಿಯದಿದ್ದಾಗ ಔಷಧ ಬದಲಿಸಿ ಎಂದು ಹೇಳುವ ಅಧಿಕಾರ ಇದ್ದವರು, ಹೊರಗಿನವರು, ಆ ವಾರ್ಡಿನಲ್ಲಿ ಯಾರಿರುತ್ತಿದ್ದರು? ಬೆಂಗಳೂರಿನಲ್ಲಿ ಪ್ಲಾನ್ ಸ್ಯಾಂಕ್ಷನ್ ಆಗುವವರೆಗೆ ಕಟ್ಟುನಿಟ್ಟು, ಆಮೇಲೆ ಮೂರು ಮಹಡಿಯ ಪ್ಲಾನಿನಲ್ಲಿ ಐದನೇ ಮಹಡಿ ಎದ್ದರೂ ಕೇಳುವವರಿಲ್ಲ. ನಮ್ಮ ಕಮಿಟಿಗಳ ರೀತಿಯೂ ಅದೇ.



ಇಂಥ ಕಮಿಟಿಯೊಂದರ ಸಭೆಯಲ್ಲಿ ನಿವೃತ್ತ ಮೇಷ್ಟ್ರೊಬ್ಬರು ಜನಸಾಮಾನ್ಯ ಸದಸ್ಯರಾಗಿದ್ದರು. ಕೊನೆಯವರೆಗೆ ತುಟಿ ಬಿಚ್ಚದೆ, ಎಲ್ಲರೂ ಏಳುವ ಹೊತ್ತಿಗೆ ಕೇಳಿದರು: "ಅಲ್ಲ ಸಾರ್, ಹೋದ ವರ್ಷ ಒಂದಕ್ಕೆ ಒಪ್ಪಿಗೆ ಕೊಟ್ಟಿದ್ವಲ್ಲ, ಆ ಮಕ್ಕಳು ಹೇಗಿದ್ದಾವೆ?" ಸದಸ್ಯ ಕಾರ್ಯದರ್ಶಿ ಕಡತ ತಿರುವಿದರು. ವಾರ್ಷಿಕ ವರದಿ ಬಂದಿದೆ ಎಂದರು. ಅಷ್ಟರಲ್ಲಿ ಟೀ ಬಂತು. ಮೇಷ್ಟ್ರ ಆ ಪ್ರಶ್ನೆಗಿಂತ ದೊಡ್ಡ ಪ್ರಶ್ನೆಯನ್ನು ನಾನು ಯಾವ ಅಂತಾರಾಷ್ಟ್ರೀಯ ಸಮ್ಮೇಳನದಲ್ಲೂ ಕೇಳಿಲ್ಲ.

ಈಗ ಕಾನೋಗೆ ಎದುರಾಗಿ ಪೂರ್ವ ಆಫ್ರಿಕಾದ ಫೀಸ್ಟ್ ಪ್ರಯೋಗವನ್ನು ಇಟ್ಟು ನೋಡಿ. ತೀವ್ರ ಜ್ವರದಿಂದ ರಕ್ತಸಂಚಾರ ಕುಸಿದ ಮಕ್ಕಳಿಗೆ ಸಲೈನನ್ನೋ ಆಲ್ಬುಮಿನನ್ನೋ ಒಮ್ಮೆಲೇ ಹರಿಸಿದರೆ ಜೀವ ಉಳಿಯುತ್ತದೆಯೇ? ಉಳಿಯುತ್ತದೆ ಎಂದೇ ಪುಸ್ತಕಗಳು ಹೇಳುತ್ತಿದ್ದವು. ನಾವೂ ಪಾಠ ಮಾಡಿದ್ದು ಅದನ್ನೇ. ಕೀನ್ಯಾ, ಉಗಾಂಡಾ, ಟಾಂಜಾನಿಯಾಗಳ ಆರು ಆಸ್ಪತ್ರೆಗಳಲ್ಲಿ ಕ್ಯಾಥರಿನ್ ಮೇಟ್‌ಲ್ಯಾಂಡ್ ಮತ್ತು ಸಂಗಡಿಗರು ಅದನ್ನು ಪರೀಕ್ಷೆಗಿಟ್ಟರು. ಎಲ್ಲ ಕಡೆ ಕ್ರಮಬದ್ಧ ಅನುಮೋದನೆ ಇತ್ತು. ಮಗು ಸಾಯುವ ಸ್ಥಿತಿಯಲ್ಲಿದ್ದರೆ ಬಾಯಿಮಾತಿನ ಒಪ್ಪಿಗೆ ಪಡೆದು ಶುರು ಮಾಡಿ, ಪೂರ್ಣ ಸಮ್ಮತಿ ಆಮೇಲೆ ಕೇಳಬಹುದೆಂಬ ವಿವಾದದ ಅಂಶಕ್ಕೂ ಒಪ್ಪಿಗೆ ಸಿಕ್ಕಿತ್ತು. 2011ರ ಜನವರಿಯಲ್ಲಿ ಅಂಕಿಅಂಶ ಕಾಯುವ ಸ್ವತಂತ್ರ ಸಮಿತಿ 2,995 ಮಕ್ಕಳ ಲೆಕ್ಕ ನೋಡಿ, ನಿಲ್ಲಿಸಿ ಎಂದಿತು. ಒಟ್ಟು 3,141 ಮಕ್ಕಳ ಅಂತಿಮ ಲೆಕ್ಕದಲ್ಲಿ, ದ್ರವ ಹರಿಸಿದವರಲ್ಲಿ 48 ಗಂಟೆಯೊಳಗೆ ಸತ್ತವರು ಶೇ. 10.5ರ ಆಸುಪಾಸು, ಹರಿಸದವರಲ್ಲಿ ಶೇ. 7.3. ಒಳ್ಳೆಯದೆಂದು ಎಲ್ಲರೂ ನಂಬಿದ್ದೇ ಕೊಲ್ಲುತ್ತಿತ್ತು. ಅನುಮೋದಿಸಿದ ಯಾವ ಕಮಿಟಿಗೂ ಇದು ಮೊದಲೇ ಗೊತ್ತಿರಲು ಸಾಧ್ಯವಿರಲಿಲ್ಲ. ಕಣ್ಣಿಟ್ಟು ಕೂತವರಿಗೆ ಗೊತ್ತಾಯಿತು.

ಇಲ್ಲಿ ನನ್ನ ವಾದಕ್ಕೇ ಒಂದು ತೊಡಕಿದೆ, ಮುಚ್ಚಿಡುವುದಿಲ್ಲ. ಆ ಕಣ್ಣಿಟ್ಟ ಸಮಿತಿ ಪ್ರಯೋಗದ್ದೇ ಅಂಗ. ಇಡೀ ವ್ಯವಸ್ಥೆಗೆ ಹಣ ಬಂದದ್ದು ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿಯಿಂದ. ಅಲ್ಲಿ ಹಣ ಕೊಟ್ಟವರಿಗೆ ಮಾರಬೇಕಾದ ಔಷಧ ಇರಲಿಲ್ಲ. ಮಾರುವ ಔಷಧ ಇರುವವರು ಹಣ ಕೊಟ್ಟಾಗ ಕಾವಲುಗಾರನ ಸಂಬಳ ಯಾರದು? ಸರ್ಕಾರದ್ದು ಎಂದರೆ, ಪಿಡುಗಿನ ವರ್ಷ ಕಾನೋದಂಥ ಆಸ್ಪತ್ರೆಗೆ ಮಂಚಕ್ಕೇ ಗತಿಯಿರುವುದಿಲ್ಲ. ಆಸ್ಪತ್ರೆಯದೇ ಎಂದರೆ, ಪ್ರಯೋಗದಿಂದ ಆದಾಯ ಬರುವುದೂ ಆಸ್ಪತ್ರೆಗೇ. ಕಂಪನಿಗಳಿಂದ ಹಣ ಪಡೆದು ಒಂದು ರಾಷ್ಟ್ರೀಯ ನಿಧಿಗೆ ಹಾಕಿ, ಕಾವಲುಗಾರರನ್ನು ನಿಧಿಯೇ ನೇಮಿಸಲಿ ಎಂದು ಹಿಂದೊಮ್ಮೆ ಬರೆದಿದ್ದೆ. ಹಾಗಾದರೆ ಶುಲ್ಕದ ಆಸೆಗೆ ಒಪ್ಪಿಗೆಗಳೇ ಹೆಚ್ಚುತ್ತವೆ ಎಂದು ನಮ್ಮ ಕಾನೂನು ಪ್ರಾಧ್ಯಾಪಕರು, ಅಲ್ಲೇ ಕೂತಿದ್ದಾರೆ, ಒಂದೇ ಮಾತಿನಲ್ಲಿ ಅದನ್ನು ಉರುಳಿಸಿದರು. ಅವರಿಗೆ ಕೊಡಬೇಕಾದ ಉತ್ತರ ಇನ್ನೂ ಬಾಕಿ ಇದೆ.

ಮಧ್ಯಾಹ್ನದ ಗೋಷ್ಠಿಯಲ್ಲಿ ನಿಮ್ಮ ನಿಮ್ಮ ಕಮಿಟಿಗಳ ವರದಿ ಓದುತ್ತೀರಿ. ಎಷ್ಟು ಅರ್ಜಿ ಬಂದವು, ಎಷ್ಟಕ್ಕೆ ಒಪ್ಪಿಗೆ ಕೊಟ್ಟೆವು ಎಂಬ ಪಟ್ಟಿಯನ್ನು ದಯವಿಟ್ಟು ಬಿಟ್ಟುಬಿಡಿ. ಒಪ್ಪಿಗೆಯಾದ ಮೇಲೆ ನಿಮ್ಮಲ್ಲಿ ಯಾರು, ಯಾವ ತಾರೀಖು, ಯಾವ ವಾರ್ಡಿಗೆ ಹೋಗಿ ಯಾವ ತಾಯಿಯನ್ನು ಮಾತಾಡಿಸಿದಿರಿ, ಅದನ್ನು ಹೇಳಿ. ಹೋಗಿಲ್ಲ ಎಂದಾದರೆ ಹೋಗಿಲ್ಲ ಎಂದೇ ಹೇಳಿ, ಅಲ್ಲಿಂದಲೇ ಚರ್ಚೆ ಶುರುವಾಗಲಿ.